ಗುಂಡಿಯ ಅಂಚಿನಲ್ಲಿ ಒಂದು ಬೆಳಗ್ಗೆ

ನಾನಿರುವುದು ಹ್ಯಾಂಬರ್ಗ್‌ನಲ್ಲಿ. ಅಕ್ಟೋಬರ್ ಬಂತೆಂದರೆ ಒಂದು ವಾರ ರಜೆ ಹಾಕಿ ಹೆಲ್ಗೊಲ್ಯಾಂಡ್‌ಗೆ ಹೊರಡುತ್ತೇನೆ. ಜರ್ಮನಿಯ ಕರಾವಳಿಯಿಂದ ಸುಮಾರು 50 ಕಿಲೋಮೀಟರ್ ಆಚೆ, ಉತ್ತರ ಸಮುದ್ರದಲ್ಲಿರುವ ಕೆಂಪು ಕಲ್ಲಿನ ಪುಟ್ಟ ದ್ವೀಪ ಅದು. ಒಂದೆರಡು ಗಂಟೆ ನಡೆದರೆ ಪೂರ್ತಿ ಸುತ್ತಿ ಬರಬಹುದು. ಆದರೂ ಇಲ್ಲಿ ಈವರೆಗೆ ಕಂಡಿರುವ ಹಕ್ಕಿ ಜಾತಿಗಳು 400ಕ್ಕೂ ಜಾಸ್ತಿ. ವಲಸೆ ಹೊರಟು ರಾತ್ರಿಯಿಡೀ ನೀರಿನ ಮೇಲೆ ಹಾರಿ ಸುಸ್ತಾದ ಹಕ್ಕಿಗೆ ಕಾಲೂರಲು ನೆಲ ಬೇಕು, ಅಲ್ವಾ?

ಮೊದಲ ವರ್ಷ ನಾನು ತಪ್ಪು ಮಾಡಿದೆ. ಅಲ್ಲೊಂದು ಅಪರೂಪದ ಹಕ್ಕಿ ಇದೆಯಂತೆ ಅಂದರೆ ಅಲ್ಲಿಗೆ ಓಡುತ್ತಿದ್ದೆ, ಇಲ್ಲಿದೆಯಂತೆ ಅಂದರೆ ಇಲ್ಲಿಗೆ. ಹೋಗುವಷ್ಟರಲ್ಲಿ ಅದು ಹಾರಿಹೋಗಿರುತ್ತಿತ್ತು. ಈಗ ಹಿಂದಿನ ರಾತ್ರಿಯೇ ಗಾಳಿಯ ದಿಕ್ಕು ನೋಡುತ್ತೇನೆ. ಪೂರ್ವದ ಅಥವಾ ಆಗ್ನೇಯದ ಗಾಳಿ ಇದ್ದು, ಬೆಳಗಿನ ಜಾವ ಮಳೆಯೋ ಮಂಜೋ ಬಂದರೆ ಹಕ್ಕಿಗಳು ಮುಂದೆ ಹೋಗಲಾರದೆ ಇಲ್ಲೇ ಇಳಿಯುತ್ತವೆ. ಅಂಥ ದಿನ ಬೆಳಕು ಹರಿಯುವ ಮೊದಲೇ ಮೇಲಿನ ಬಯಲಿಗೆ ಹೋಗಿ ಒಂದು ಬಾಂಬ್ ಗುಂಡಿಯ ಅಂಚಿನಲ್ಲಿ ಸುಮ್ನೆ ಕೂರುತ್ತೇನೆ.

ಎರಡನೇ ಮಹಾಯುದ್ಧದಲ್ಲೂ ಅದಾದ ಮೇಲೆ 1952ರವರೆಗೂ ಬ್ರಿಟಿಷರು ಈ ದ್ವೀಪದ ಮೇಲೆ ಬಾಂಬ್ ಹಾಕಿದ್ದರು. ಆ ಗುಂಡಿಗಳಲ್ಲಿ ಈಗ ಪೊದೆ ಬೆಳೆದಿದೆ. ಬೋಳು ಬಯಲಿನಲ್ಲಿ ಗಾಳಿ ತಾಗದ ಜಾಗ ಅದೇ.

ಹೋದ ವರ್ಷ ಅಂಥದ್ದೊಂದು ಬೆಳಗ್ಗೆ ಸಿಕ್ಕಿತು. ಮೊದಲು ಬಂದದ್ದು ಗೋಲ್ಡ್‌ಕ್ರೆಸ್ಟ್ ಎಂಬ ಪುಟಾಣಿ ಹಕ್ಕಿ. ತೂಕ ಐದಾರು ಗ್ರಾಂ, ನಮ್ಮ ಐದು ರೂಪಾಯಿ ನಾಣ್ಯದಷ್ಟು. ನನ್ನ ಬೂಟಿನ ಪಕ್ಕದ ಹುಲ್ಲಿನಲ್ಲಿ ಒಂದೊಂದೇ ಹುಳ ಹೆಕ್ಕುತ್ತಿತ್ತು. ನೆತ್ತಿಯ ಹಳದಿ ಗೆರೆಯ ಮೇಲೆ ನೀರಹನಿ ನಿಂತಿತ್ತು. ನಾನು ಉಸಿರು ಬಿಗಿಹಿಡಿದೆ. ಇಷ್ಟು ಹತ್ತಿರ ಬಂತಲ್ಲ ಎಂದು ಕೈಚಾಚಬಾರದು. ಅದು ನಮ್ಮನ್ನು ನಂಬಿ ಬಂದದ್ದಲ್ಲ, ಹೆದರಿ ಹಾರಲೂ ತ್ರಾಣವಿಲ್ಲದಷ್ಟು ಹಸಿದಿರುತ್ತದೆ. ಫೋಟೋಕ್ಕಾಗಿ ಪೊದೆ ಅಲ್ಲಾಡಿಸುವವರನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ.

ಆಮೇಲೆ ಪೊದೆಯೊಳಗಿಂದ 'ತ್ಸು-ಈಸ್ಟ್' ಎಂದು ಮೇಲೇರುವ ಕೂಗು. ಕಿವಿ ನೆಟ್ಟಗಾಯಿತು. ಹತ್ತು ನಿಮಿಷ ಕಾದ ಮೇಲೆ ಎಲೆಯ ಮರೆಯಿಂದ ಹೊರಬಂತು: ಕಣ್ಣಿನ ಮೇಲೆ ಉದ್ದನೆಯ ತಿಳಿಹಳದಿ ಹುಬ್ಬು, ರೆಕ್ಕೆಯಲ್ಲಿ ಎರಡು ಪಟ್ಟಿ. ಹಳದಿ ಹುಬ್ಬಿನ ಉಲಿಯಕ್ಕಿ! ಸೈಬೀರಿಯಾದ ಕಾಡಿನಲ್ಲಿ ಹುಟ್ಟಿದ್ದು. ಇದರ ಜೊತೆಯವು ಹೆಚ್ಚಿನವು ಚಳಿಗಾಲಕ್ಕೆ ಏಷ್ಯಾದ ದಕ್ಷಿಣಕ್ಕೆ ಹೋಗುತ್ತವೆ. ಇದು ಪಶ್ಚಿಮಕ್ಕೆ ಬಂದಿತ್ತು. ಚಳಿಗಾಲದಲ್ಲಿ ನಮ್ಮೂರಿನ ಹಿತ್ತಲ ಮರಗಳಿಗೆ ಬರುವ ಹಸಿರು ಉಲಿಯಕ್ಕಿಯ ಹತ್ತಿರದ ನೆಂಟ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಮ್ಮ ಹಲಸಿನ ಮರಕ್ಕೂ ಬಂದಿದೆ ಕಣೋ, ಆಗಲೇ ಕೂಗ್ತಾ ಇದೆ" ಅಂದಳು.

ಆ ರಾತ್ರಿ ಮೋಡ ಸರಿದು ನಕ್ಷತ್ರ ಕಂಡವು. ಮರುದಿನ ಅದೇ ಗುಂಡಿಯ ಬಳಿ ಒಂಬತ್ತರವರೆಗೆ ಕೂತೆ. ಒಂದೂ ಇರಲಿಲ್ಲ. ಹೊಟ್ಟೆ ತುಂಬಿಸಿಕೊಂಡು ಹೊರಟಿರಬೇಕು.