ಹಿರೇಬೆಣಕಲ್ಲಿನ ಕಲ್ಮನೆಯ ಮಾದರಿ ಮಾಡೋದು ಹೇಗೆ?

ಶಾಲೆಯ ಪ್ರದರ್ಶನ ಅಂದ್ರೆ ಹುಬ್ಬಳ್ಳಿ-ಧಾರವಾಡದ ಮಕ್ಕಳೂ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಹಳೆಯ ಕಲ್ಲುಗಳ ವೃತ್ತವನ್ನೇ ಮಾಡಬೇಕಾ? ಗದಗ, ಕೊಪ್ಪಳ ದಾಟಿ ಗಂಗಾವತಿ ಕಡೆ ಹೋದರೆ ಹಿರೇಬೆಣಕಲ್ ಗುಡ್ಡ ಇದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಮನೆಗಳು, ಅಂದ್ರೆ ಸತ್ತವರಿಗಾಗಿ ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಗೂಡುಗಳು, ಅಲ್ಲಿ ನೂರಾರು, ಜನ ಮೋರ್ಯರ ಮನೆ ಅಂತಾರೆ. ಅದನ್ನೇ ಮಾಡಿ.

ಅಳತೆ 1:20 ಇರಲಿ. 2.5 ಮೀಟರ್ ಎತ್ತರದ ಕಲ್ಲು 12.5 ಸೆಂಟಿಮೀಟರ್ ಆಗುತ್ತದೆ. ಥರ್ಮಾಕೋಲ್ ಬೇಡ, ಬಣ್ಣ ಹಚ್ಚಿದರೂ ಅದರ ಗುಂಡುಗುಂಡು ಕಾಳು ಎದ್ದು ಕಾಣುತ್ತದೆ. ದಪ್ಪ ರಟ್ಟಿನ ಎರಡು ಪದರ ಫೆವಿಕಾಲ್‌ನಿಂದ ಅಂಟಿಸಿ, ಅಂಚನ್ನು ಬ್ಲೇಡಿನಿಂದ ನೇರ ಕತ್ತರಿಸದೆ ಕೈಯಿಂದ ಚೂರುಚೂರೇ ಮುರಿಯಿರಿ, ಆಗಲೇ ಗುಡ್ಡದಿಂದ ಎಬ್ಬಿಸಿದ ಚಪ್ಪಡಿಯಂತೆ ಕಾಣೋದು. ನಾಲ್ಕು ಗೋಡೆ, ಮೇಲೊಂದು ದೊಡ್ಡ ಚಪ್ಪಡಿ ಸಾಕು. ಮುಂದಿನ ಗೋಡೆಗೆ ದುಂಡನೆಯ ಕಂಡಿ ಕೊರೆಯಿರಿ. ಇದನ್ನು ಬಿಡಬೇಡಿ, ಕಲ್ಮನೆಯ ಚೆಲುವೇ ಅದು.

ವಾಲ್ ಪುಟ್ಟಿಯನ್ನು ತೆಳ್ಳಗೆ ಎರಡೂ ಬದಿಗೆ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ರಟ್ಟು ಒಣಗುವಾಗ ಹಪ್ಪಳದಂತೆ ಡೊಂಕಾಗುತ್ತದೆ. ಹಸಿ ಇರುವಾಗಲೇ ಹಳೆ ಬ್ರಷ್‌ನಿಂದ ಕುಟ್ಟಿದರೆ ಗ್ರಾನೈಟಿನ ಒರಟು ಮೈ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಬೂದು ಬಣ್ಣ, ಅದರ ಮೇಲೆ ನೀರು ನೀರಾದ ಕಪ್ಪು ಹಚ್ಚಿ ತಕ್ಷಣ ಬಟ್ಟೆಯಿಂದ ಒರೆಸಿ.

ಪ್ಲೈವುಡ್ ಮೇಲೆ ಫೆವಿಕಾಲ್ ಸವರಿ, ಜರಡಿ ಹಿಡಿದ ಗರಸು ಉದುರಿಸಿ. ಪಕ್ಕದಲ್ಲಿ 8 ಸೆಂಟಿಮೀಟರಿನ ಮನುಷ್ಯನ ಗೊಂಬೆ ನಿಲ್ಲಿಸಿ, ಇಲ್ಲದಿದ್ದರೆ ಕಲ್ಲು ಎಷ್ಟು ದೊಡ್ಡದು ಅಂತ ನೋಡುವವರಿಗೆ ಗೊತ್ತಾಗೋದೇ ಇಲ್ಲ. ಮೇಲಿನ ಚಪ್ಪಡಿಯನ್ನು ಅಂಟಿಸಬೇಡಿ, ಎತ್ತಿ ಒಳಗೆ ತೋರಿಸಬಹುದು.