ಸವೆದ ಹೊಲಕ್ಕೆ ಕಾರ್ವರ್ ಪಾಠ: ಶೇಂಗಾ ಬೆಳೆದು ಮುಂದಿನ ಬೆಳೆಗೆ ಕಸುವು ಉಳಿಸುವ ಬಗೆ

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರು ಬಂದ ಕೂಡಲೇ ಶೇಂಗಾದಿಂದ ಮುನ್ನೂರು ಪದಾರ್ಥ ಮಾಡಿದ ವಿಜ್ಞಾನಿ ಎನ್ನುತ್ತಾರೆ. ಶೇಂಗಾ ಬೆಣ್ಣೆಯೂ ಅವರದೇ ಶೋಧ ಎಂಬ ಮಾತು ಜೊತೆಗೆ ಬರುತ್ತದೆ. ಅದು ಸರಿಯಲ್ಲ, ಹುರಿದ ಶೇಂಗಾವನ್ನು ಅರೆದು ಮುದ್ದೆ ಮಾಡುವ ಕ್ರಮಕ್ಕೆ ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಪೇಟೆಂಟ್ ಪಡೆದಿದ್ದರು. ಮುನ್ನೂರರ ಪಟ್ಟಿಯಲ್ಲಿ ಅಡುಗೆ, ಬಣ್ಣ, ಮುಖಕ್ಕೆ ಹಚ್ಚುವ ಕ್ರೀಮುಗಳೇ ಬಹಳ. ಕಾರ್ವರ್ ಪಡೆದ ಪೇಟೆಂಟು ಮೂರೇ ಮೂರು.

ಹೊಲ ಮಾಡುವವರಿಗೆ ಬೇಕಾದ ಕಾರ್ವರ್ ಬೇರೆ. ಗುಲಾಮಗಿರಿಯಲ್ಲಿ ಹುಟ್ಟಿ, ಅಯೋವಾದ ಕೃಷಿ ಕಾಲೇಜಿನಲ್ಲಿ ಓದಿ, ಬುಕರ್ ಟಿ. ವಾಷಿಂಗ್ಟನ್ ಕರೆದರೆಂದು 1896ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಅವರು ನಡೆಸುತ್ತಿದ್ದ ಕರಿಯರ ಶಾಲೆ ಟಸ್ಕೆಗೀಗೆ ಬಂದರು. ಸುತ್ತಲಿನ ಹೊಲಗಳು ವರ್ಷವರ್ಷವೂ ಹತ್ತಿ ಹೊತ್ತು ಸವೆದಿದ್ದವು. ಉಳುವವರಲ್ಲಿ ಹೆಚ್ಚಿನವರು ಪಾಲಿಗೆ ಮಾಡುವ ಕರಿಯ ರೈತರು, ಗೊಬ್ಬರ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಅವರಿಗೆ ಕಾರ್ವರ್ ಹೇಳಿದ್ದು ಮೂರು ಮಾತು: ಹತ್ತಿಯ ಬೆನ್ನಿಗೆ ಹತ್ತಿ ಬೇಡ, ನಡುವೆ ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ದ್ವಿದಳ ಬೆಳೆಯಿರಿ, ಎಲೆ ಮತ್ತು ಕೆಸರುಮಣ್ಣು ಕೂಡಿಸಿ ಗೊಬ್ಬರ ಮಾಡಿ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಮಳೆಯಾಶ್ರಿತ ಹೊಲದಲ್ಲಿ ಇದನ್ನೇ ಮಾಡುವುದು ಹೇಗೆ ಎಂಬುದಕ್ಕೆ ಈ ಬರಹ.

ಮೊದಲು ನೆಲ ನೋಡಿ

ಎಲ್ಲ ಹೊಲಕ್ಕೂ ಶೇಂಗಾ ಅಲ್ಲ. ಮಸಾರಿ ನೆಲ, ಮರಳು ಬೆರೆತ ಕೆಂಪು ನೆಲ, ಆಳ ಕಡಿಮೆಯಿರುವ ಹಗುರ ಕಪ್ಪು ನೆಲ ಇವು ಒಗ್ಗುತ್ತವೆ. ಆಳದ ಎರಿ (ಅಂಟು ಕಪ್ಪು ಮಣ್ಣಿನ) ಹೊಲದಲ್ಲಿ ಬೆಳೆ ಹಸಿರಾಗಿ ಬಂದರೂ ಕೀಳುವ ಹೊತ್ತಿಗೆ ಮಣ್ಣು ಕಲ್ಲಾಗಿ ಅರ್ಧ ಕಾಯಿ ಒಳಗೇ ಉಳಿಯುತ್ತದೆ. ಅಂಥಲ್ಲಿ ಮುಂಗಾರಿಗೆ ಹೆಸರು ಬಿತ್ತಿ, 65-70 ದಿನಕ್ಕೆ ಬಿಡಿಸಿಕೊಂಡು, ಬಳ್ಳಿಯನ್ನು ಅಲ್ಲೇ ಹರಗಿ, ಹಿಂಗಾರಿಗೆ ಬಿಳಿಜೋಳ ಹಾಕುವುದು ಜಾಣತನ. ಇಲ್ಲವೇ ಜೋಳದ ಮರುವರ್ಷ ಕಡಲೆ. ಕಾರ್ವರ್ ಸಹ ಶೇಂಗಾ ಒಂದಕ್ಕೇ ಜೋತುಬಿದ್ದವರಲ್ಲ. ಅಲಸಂದಿಯನ್ನೂ ಗೆಣಸನ್ನೂ ಅಷ್ಟೇ ಹಚ್ಚಿಕೊಂಡು ಹೇಳಿದರು.

ಸುಣ್ಣದ ಹರಳು ಹೆಚ್ಚಿರುವ ನೆಲದಲ್ಲಿ ಇನ್ನೊಂದು ತೊಡಕಿದೆ, ಮುಂದೆ ಬರುತ್ತದೆ. ಮಣ್ಣಿನ ಮಾದರಿಯನ್ನು ಬೇಸಿಗೆಯಲ್ಲೇ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ತಿಪ್ಪೆಯ ಜಾಗ, ಬದುವಿನ ಬುಡ, ಗಿಡದ ನೆರಳು ಬಿಟ್ಟು ಎಂಟು-ಹತ್ತು ಕಡೆ ಒಂದು ಗೇಣು ಆಳ ತೆಗೆದು, ಕಲಸಿ, ಅದರಲ್ಲಿ ಅರ್ಧ ಕಿಲೋ ಸಾಕು.

ಗೊಬ್ಬರದ ರಾಶಿ

ಕಾರ್ವರ್ ಹೇಳಿದ ಲೆಕ್ಕ ಸರಳ: ಎರಡು ಗಾಡಿ ಎಲೆ-ಕೆಸರುಮಣ್ಣಿಗೆ ಒಂದು ಗಾಡಿ ಕೊಟ್ಟಿಗೆ ಗೊಬ್ಬರ, ಪದರದ ಮೇಲೆ ಪದರ, ಮಳೆನೀರು ಜಾರಿಹೋಗುವಂತೆ ನೆತ್ತಿ ದುಂಡಗೆ. ನಮ್ಮಲ್ಲಿ ಎಲೆಯ ಬದಲು ಕಬ್ಬಿನ ರವದಿ, ತೊಗರಿ ಸಿಪ್ಪೆ, ಬೇವಿನ ಎಲೆ. ಕೆಸರುಮಣ್ಣಿನ ಬದಲು ಕೆರೆ ಹೂಳು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ರಾಶಿ ಹಾಕಿ. ಒಂದು ಗೇಣು ಕಸ, ಅದರ ಮೇಲೆ ಹೂಳು, ಆಮೇಲೆ ಸಗಣಿ ಕಲಸಿದ ನೀರು, ಮತ್ತೆ ಕಸ.

ಇಲ್ಲಿ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ನಮ್ಮ ಬೇಸಿಗೆ. ಬಯಲಲ್ಲಿ ಹಾಕಿದ ರಾಶಿ ಎರಡು ವಾರಕ್ಕೆ ಒಣಗಿ, ರವದಿ ರವದಿಯಾಗಿಯೇ ಉಳಿಯುತ್ತದೆ. ಬೇವಿನ ಗಿಡದ ನೆರಳಿಗೆ ಹಾಕಿ, ಮೇಲೆ ಸಗಣಿ-ಮಣ್ಣು ಮೆತ್ತಿ. ನಡುವಿನಿಂದ ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತಿಂಗಳಿಗೊಮ್ಮೆ ಮಗುಚಿ. ರವದಿ ಇದ್ದರೆ ನಾಲ್ಕು ತಿಂಗಳು ಹಿಡಿಯುತ್ತದೆ, ಅಂದರೆ ಜನವರಿ-ಫೆಬ್ರುವರಿಯಲ್ಲೇ ಶುರು ಮಾಡಿರಬೇಕು. ಅರೆಬೆಂದ ಕಸ ಹೊಲಕ್ಕೆ ಹೋದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಸಸಿ ಹಳದಿಯಾಗಿ ಬರುತ್ತದೆ, ಗೆದ್ದಲೂ ಮುತ್ತುತ್ತದೆ. ಎಕರೆಗೆ ಸುಮಾರು ಮೂರು ಟನ್ ಬೇಕು. ಒಂದು ರಾಶಿಗೆ ಅಷ್ಟು ಸಿಗದು, ಎರಡು ಹಾಕಿ.

ಬೀಜ

ಎಕರೆಗೆ ಸುಲಿದ ಕಾಳು 45-50 ಕಿಲೋ. ಹೆಚ್ಚೆನಿಸಬಹುದು, ಲೆಕ್ಕ ಹಾಕಿ ನೋಡಿ: ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಎಂದರೆ ಎಕರೆಗೆ ಸುಮಾರು 1,35,000 ಗಿಡ. ನೂರು ಕಾಳು 35 ಗ್ರಾಂ ತೂಗಿದರೆ 47 ಕಿಲೋ ಅಲ್ಲೇ ಆಯಿತು. ಬೀಜ ಉಳಿಸಲು ಹೋಗಿ ಸಾಲು ತೆಳುವಾದರೆ ಆ ಜಾಗ ಕಸ ತಿನ್ನುತ್ತದೆ.

ತಳಿಗಳಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಎಲೆಚುಕ್ಕೆ, ತುಕ್ಕು ರೋಗ ತಡೆಯುವುದಕ್ಕೆ ಹೆಸರಾದದ್ದು. ಹಳೆಯ ಟಿಎಂವಿ-2, ಜೆಎಲ್-24 ಇನ್ನೂ ಕೆಲವರ ಕೈಯಲ್ಲಿವೆ. ಬೀಜಕ್ಕೆಂದು ಇಟ್ಟದ್ದನ್ನು ಕಾಯಿಯಲ್ಲೇ ಇಡಿ, ಬಿತ್ತುವ ವಾರದಲ್ಲಿ ಕೈಯಿಂದ ಸುಲಿಯಿರಿ. ಮಷೀನಿಗೆ ಹಾಕಿದರೆ ಕೆಂಪು ಸಿಪ್ಪೆ ಸೀಳುತ್ತದೆ, ಸೀಳಿದಲ್ಲಿಂದ ಬೂಜು ಒಳಹೊಕ್ಕು ಮೊಳಕೆ ಕೊಳೆಯುತ್ತದೆ.

ಒದ್ದೆ ಗೋಣಿತಟ್ಟಿನಲ್ಲಿ ನೂರು ಕಾಳು ಸಾಲಾಗಿಟ್ಟು ಸುತ್ತಿ, ಏಳೆಂಟು ದಿನಕ್ಕೆ ಬಿಚ್ಚಿ ಎಣಿಸಿ. 85 ಮೊಳೆತರೆ ನಿಶ್ಚಿಂತೆ. 70ಕ್ಕಿಂತ ಕಡಿಮೆಯಾದರೆ ಆ ಬೀಜ ಅಡುಗೆಮನೆಗೆ ಹೋಗಲಿ.

ಬಿತ್ತುವ ದಿನ ಬೆಳಿಗ್ಗೆ ಬೀಜೋಪಚಾರ. 50 ಕಿಲೋ ಕಾಳಿಗೆ ಕೊಳೆರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾ 200 ಗ್ರಾಂ, ಬೇರುಗಂಟು ಕಟ್ಟಿಸುವ ಅಣುಜೀವಿ ರೈಜೋಬಿಯಂ 500 ಗ್ರಾಂ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕಾಯಿಸಿ, ಪೂರಾ ಆರಿಸಿ. ಆರದ ಬೆಲ್ಲದ ನೀರು ಹಾಕಿದರೆ ರೈಜೋಬಿಯಂ ಅಲ್ಲೇ ಸಾಯುತ್ತದೆ, ಪಾಕೀಟಿನ ದುಡ್ಡು ನೀರಿಗೆ. ಕಾಳನ್ನು ತಾಡಪತ್ರಿಯ ಮೇಲೆ ಹರವಿ, ಪಾಕವನ್ನು ಚಿಮುಕಿಸಿ, ಪುಡಿ ಉದುರಿಸಿ, ಅಂಗೈಯಿಂದ ಹಗುರಾಗಿ ಹೊರಳಾಡಿಸಿ. ಉಜ್ಜಬೇಡಿ. ನೆರಳಲ್ಲಿ ಅರ್ಧ ತಾಸು ಆರಿಸಿ ಕೂರಿಗೆಗೆ ಹಾಕಿ. ರಾಸಾಯನಿಕ ಶಿಲೀಂಧ್ರನಾಶಕ ಹಚ್ಚಲೇಬೇಕಿದ್ದರೆ ಅದು ಮೊದಲು, ರೈಜೋಬಿಯಂ ಎಲ್ಲಕ್ಕೂ ಕೊನೆಗೆ. ಆಗ ಟ್ರೈಕೋಡರ್ಮಾ ಬಿಡಿ. ಪಾಕೀಟಿನ ಮೇಲಿನ ಅವಧಿಯ ತಾರೀಖು ಓದದೆ ತರಬೇಡಿ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಮಧ್ಯಾಹ್ನವಿಡೀ ಇಟ್ಟರೂ ಕೆಲಸ ಕೆಟ್ಟಿತು.

ಬಿತ್ತನೆಯಿಂದ ಹೂವಿನವರೆಗೆ

ಜೂನ್-ಜುಲೈಯಲ್ಲಿ ನೆಲ ಒಂದು ಗೇಣು ನೆನೆದ ಮೇಲೆ ಬಿತ್ತಿ. ಆಳ ಎರಡು ಇಂಚು. ಮಣ್ಣಿನ ವರದಿ ಬೇರೆ ಹೇಳದಿದ್ದರೆ ಎಕರೆಗೆ ಡಿಎಪಿ 40 ಕಿಲೋ, ಪೊಟ್ಯಾಶ್ 16 ಕಿಲೋ ಬೀಜದ ಪಕ್ಕಕ್ಕೆ ಬೀಳಲಿ, ಬೀಜಕ್ಕೆ ತಾಗಕೂಡದು. ಮೇಲಿಂದ ಯೂರಿಯಾ ಬೇಡ. ಸಾರಜನಕ ಪುಕ್ಕಟೆ ಸಿಗುವಾಗ ಗಿಡ ಬೇರುಗಂಟು ಕಟ್ಟುವುದಿಲ್ಲ, ಬರೀ ಸೊಪ್ಪಾಗಿ ಬೆಳೆಯುತ್ತದೆ.

ಎಡೆ ಹೊಡೆಯುವುದು ಬಿತ್ತಿದ 20ನೇ ದಿನ ಒಂದು ಸಲ, 35ನೇ ದಿನ ಇನ್ನೊಂದು ಸಲ. ಎರಡನೆಯ ಸಲ, ಹೂವಿರುವಾಗ, ಎಕರೆಗೆ 200 ಕಿಲೋ ಜಿಪ್ಸಂ ಸಾಲಿನ ಬುಡಕ್ಕೆ ಹಾಕಿ ಮಣ್ಣೇರಿಸಿ. ಶೇಂಗಾಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಬೇರಿನಿಂದ ಪಡೆಯದೆ ಸುತ್ತಲಿನ ಮಣ್ಣಿನಿಂದ ಸಿಪ್ಪೆಯ ಮೂಲಕವೇ ಹೀರುತ್ತದೆ. ಹಗುರ ನೆಲದಲ್ಲಿ ಜಿಪ್ಸಂ ತಪ್ಪಿದರೆ ಜೊಳ್ಳು ಕಾಯಿ ಬರುವುದು ಇದಕ್ಕೇ. 45 ದಿನದ ಮೇಲೆ ಹೊಲಕ್ಕೆ ಕುಂಟೆ ಇಳಿಸಬೇಡಿ. ಹೂವಿನ ಬುಡದಿಂದ ಇಳಿದ ಸೂಜಿಗಳು ಮಣ್ಣು ಹೊಕ್ಕಿರುತ್ತವೆ. ಒಂದು ಸೂಜಿ ಹರಿದರೆ ಒಂದು ಕಾಯಿ ಹೋಯಿತು.

ನಡುವೆ, 40ನೇ ದಿನದ ಸುಮಾರಿಗೆ, ಕಾರ್ವರ್ ಪಾಠದ ಪರೀಕ್ಷೆ ಇದೆ. ಬೇರೆ ಬೇರೆ ಕಡೆಯ ಐದು ಗಿಡಗಳನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತಿ. ಕೈಯಿಂದ ಕಿತ್ತರೆ ಗಂಟು ನೆಲದಲ್ಲೇ ಉಳಿದು ಮೋಸ ಹೋಗುತ್ತೀರಿ. ಬಕೆಟ್ಟಿನ ನೀರಲ್ಲಿ ಮಣ್ಣು ತೊಳೆದು, ಬೇರಿನ ಮೇಲಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ-ಕೆಂಪು ಬಣ್ಣ ಕಂಡರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬಿಳಿ ಅಥವಾ ಬೂದು-ಹಸಿರು ಇದ್ದರೆ ಗಂಟು ಇದ್ದೂ ಇಲ್ಲದಂತೆ. ಅಂಥ ಹೊಲದಲ್ಲಿ ಸಾಮಾನ್ಯವಾಗಿ ನೀರು ನಿಂತಿರುತ್ತದೆ, ಇಲ್ಲ ಯೂರಿಯಾ ಬಿದ್ದಿರುತ್ತದೆ, ಇಲ್ಲ ಪಾಕೀಟು ಸತ್ತದ್ದಾಗಿರುತ್ತದೆ.

ಸುಣ್ಣದ ನೆಲದ ತೊಡಕು ಈಗ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣದ ಕೊರತೆ. ನೆಲದಲ್ಲಿ ಕಬ್ಬಿಣ ಇದ್ದರೂ ಸುಣ್ಣ ಅದನ್ನು ಕಟ್ಟಿಹಾಕಿರುತ್ತದೆ. ಇದಕ್ಕೆ ಯೂರಿಯಾ ಹಾಕಿದವರೇ ಹೆಚ್ಚು, ಪ್ರಯೋಜನವಿಲ್ಲ. ಒಂದು ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಕರಗಿಸಿ ಸಂಜೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಸಿಟ್ರಿಕ್ ಆಮ್ಲ ಬಿಟ್ಟರೆ ದ್ರಾವಣ ತುಕ್ಕು ಬಣ್ಣಕ್ಕೆ ತಿರುಗುತ್ತದೆ, ಎಲೆ ಅದನ್ನು ಒಳಗೆ ತೆಗೆದುಕೊಳ್ಳುವುದಿಲ್ಲ.

ಕೀಳುವುದು, ಒಣಗಿಸುವುದು

ದಿನ ಎಣಿಸಿ ಕೀಳಬೇಡಿ. 105 ದಿನವಾದ ಮೇಲೆ ಒಂದೆರಡು ಗಿಡ ಕಿತ್ತು ಕಾಯಿ ಒಡೆಯಿರಿ. ಹತ್ತರಲ್ಲಿ ಏಳೆಂಟು ಸಿಪ್ಪೆಯ ಒಳಮೈ ಕಂದು-ಕಪ್ಪಾಗಿದ್ದರೆ ಬಲಿತಿದೆ. ತಡವಾದರೆ ನೆಲದಲ್ಲೇ ಮೊಳೆಯುತ್ತದೆ. ಕಿತ್ತ ಗಿಡಗಳನ್ನು ಕಾಯಿ ಮೇಲಾಗಿ ಎರಡು-ಮೂರು ದಿನ ಸಾಲಲ್ಲೇ ಒಣಗಿಸಿ, ಆಮೇಲೆ ಕಾಯಿ ಬಿಡಿಸಿ. ಅಲುಗಿಸಿದರೆ ಒಳಗೆ ಗಲಗಲ ಎನ್ನಬೇಕು. ತೇವ ನೂರಕ್ಕೆ 8ಕ್ಕೆ ಇಳಿಯದೆ ಚೀಲ ಕಟ್ಟಿದರೆ ಆಸ್ಪರ್ಜಿಲ್ಲಸ್ ಬೂಜು ಹತ್ತಿ ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ, ಹಿಂಡಿಯ ಮೂಲಕ ದನದ ಹಾಲಿಗೂ ಇಳಿಯುತ್ತದೆ. ಸುಲಿಯಲು ಹಗುರಾಗಲಿ ಎಂದು ಕಾಯಿಗೆ ನೀರು ಚಿಮುಕಿಸುವ ಚಟ ಬಿಡಿ.

ಹೊಟ್ಟು ಎಲ್ಲಿಗೆ ಹೋಯಿತು?

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನಿಡಿ. "ಶೇಂಗಾ ಬೆಳದ್ರ ಹೊಲಕ್ಕ ತಾನ ಕಸುವು ಬರ್ತೈತಿ" ಎಂಬ ನಂಬಿಕೆ ಅರ್ಧ ಸತ್ಯ. ಗಂಟುಗಳು ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿಗೆ ಹೋಗುತ್ತದೆ, ಅದು ಪೇಟೆಗೆ ಹೋಯಿತು. ಉಳಿದದ್ದು ಹೊಟ್ಟಿನಲ್ಲಿ, ಅಂದರೆ ಕಾಯಿ ಬಿಡಿಸಿದ ಮೇಲಿನ ಒಣ ಬಳ್ಳಿಯಲ್ಲಿ: ಒಂದು ಟನ್ ಒಣ ಹೊಟ್ಟಿನಲ್ಲಿ ಸುಮಾರು 15 ಕಿಲೋ ಸಾರಜನಕ. ಶೇಂಗಾವನ್ನು ಬೇರುಸಮೇತ ಕೀಳುವುದರಿಂದ ಹೆಸರು, ಕಡಲೆಯಷ್ಟು ಸಹ ನೆಲದಲ್ಲಿ ಉಳಿಯದು. ಹೊಟ್ಟನ್ನೂ ಮಾರಿಬಿಟ್ಟರೆ ಹೊಲಕ್ಕೆ ಸಿಗುವುದು ಉದುರಿದ ಎಲೆ, ಹರಿದ ಬೇರು ಮಾತ್ರ.

ಹಾಗೆಂದು ಹೊಟ್ಟನ್ನು ದನಕ್ಕೆ ಹಾಕಬೇಡಿ ಎನ್ನುವುದು ಮೂರ್ಖತನ. ಜೋಳದ ಕಣಕಿಗಿಂತ ಎಷ್ಟೋ ಮೇಲಾದ ಮೇವು ಅದು. ದನಕ್ಕೆ ಹಾಕಿ, ಸಗಣಿ-ಗಂಜಳ ಎರಡೂ ಅದೇ ಹೊಲಕ್ಕೆ ವಾಪಸು ಹೋಗಲಿ. ದನದ ಕೆಳಗೆ ರವದಿ ಹಾಸಿದರೆ ಗಂಜಳ ಅದರಲ್ಲೇ ಇಂಗಿ ರಾಶಿ ಸೇರುತ್ತದೆ. ಸಗಣಿಯನ್ನು ಕುಳ್ಳು ತಟ್ಟಿ ಒಲೆಗೆ ಹಾಕುವ ಮನೆಯಲ್ಲಿ ಈ ಸರಪಳಿ ತುಂಡಾಗುತ್ತದೆ.

ದಾರಿಬದಿಯ ಮೂರು ಗುಂಟೆ

1906ರಲ್ಲಿ ಕಾರ್ವರ್ ಒಂದು ಗಾಡಿ ಸಿದ್ಧಪಡಿಸಿದರು. ದುಡ್ಡು ಕೊಟ್ಟ ಮಾರಿಸ್ ಜೆಸಪ್ ಹೆಸರಲ್ಲಿ ಅದು ಜೆಸಪ್ ವ್ಯಾಗನ್. ಬೀಜ, ನೇಗಿಲು, ಸಲಕರಣೆ ಹೇರಿಕೊಂಡು, ಟಸ್ಕೆಗೀಯಲ್ಲೇ ಓದಿದ ಟಾಮಸ್ ಕ್ಯಾಂಪ್‌ಬೆಲ್ ಅದನ್ನು ಹಳ್ಳಿಹಳ್ಳಿಗೆ ಹೊಡೆದುಕೊಂಡು ಹೋದರು. ಹಾಳೆಯಲ್ಲಿ ಓದಲಾರದವನಿಗೆ ಹೊಲದಲ್ಲಿ ತೋರಿಸು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಓದಬಲ್ಲವರಿಗೆ ಪುಸ್ತಿಕೆಗಳಿದ್ದವು, 1916ರದ್ದರಲ್ಲಿ ಶೇಂಗಾ ಬೆಳೆಯುವ ಬಗೆಯ ಜೊತೆಗೆ 105 ಅಡುಗೆ. ಶೇಂಗಾ ಹಿಂಡಿ (ಚಟ್ನಿಪುಡಿ), ಶೇಂಗಾ ಹೋಳಿಗೆ ತಿನ್ನುವ ನಮಗೆ ಆ ಭಾಗ ಕಲಿಸಬೇಕಿಲ್ಲ.

ನೀವು ತೋರಿಸುವುದಾದರೆ ಓಣಿಯ ಜನ ಓಡಾಡುವ ದಾರಿಯ ಪಕ್ಕ, ಒಂದೇ ತರಹದ ಮಣ್ಣಿನಲ್ಲಿ, 33 ಅಡಿಗೆ 33 ಅಡಿಯ ಮೂರು ಗುಂಟೆ ಗುರುತು ಮಾಡಿ. ನಡುವೆ ಎರಡಡಿ ಬಿಡಿ. ಒಂದರಲ್ಲಿ ಎಂದಿನ ಜೋಳ ಅಥವಾ ಹತ್ತಿ. ಎರಡನೆಯದರಲ್ಲಿ ಶೇಂಗಾ, ಹೊಟ್ಟು ಮನೆಗೆ. ಮೂರನೆಯದರಲ್ಲಿ ಶೇಂಗಾ, ಕಾಯಿ ಬಿಡಿಸಿದ ಹೊಟ್ಟನ್ನು ಕತ್ತರಿಸಿ ಅದೇ ಗುಂಟೆಗೆ ಹರವಿ ಹರಗಿ. ಮರುವರ್ಷ ಮೂರಕ್ಕೂ ಒಂದೇ ದಿನ, ಒಂದೇ ಚೀಲದ ಜೋಳದ ಬೀಜ, ಯೂರಿಯಾ ಇಲ್ಲದೆ.

ಕೊಯ್ಯುವಾಗ ನಾಲ್ಕೂ ಬದಿಯಿಂದ ಎರಡೆರಡು ಅಡಿ ಬೆಳೆಯನ್ನು ಮೊದಲು ಕೊಯ್ದು ಆಚೆ ಹಾಕಿ, ಅದನ್ನು ತೂಗಬೇಡಿ. ಅಂಚಿನ ಗಿಡಕ್ಕೆ ಬೆಳಕು ಹೆಚ್ಚು ಸಿಕ್ಕು ಲೆಕ್ಕ ಕೆಡಿಸುತ್ತದೆ. ಒಳಗೆ ಉಳಿದ 29 ಅಡಿ ಚೌಕದ ತೆನೆಯನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ಚೀಟಿ ಹಾಕಿ, ಒಣಗಿಸಿ, ಬಡಿದು, ತೂರಿ ತೂಗಿ. ಬಂದ ಕಿಲೋವನ್ನು 52ರಿಂದ ಗುಣಿಸಿದರೆ ಎಕರೆಯ ಇಳುವರಿ. ತಕ್ಕಡಿ ಹಿಡಿಯುವಾಗ ಪಕ್ಕದ ಹೊಲದವರನ್ನು ಕರೆಯಿರಿ, ಮುಳ್ಳನ್ನು ಅವರೇ ಓದಲಿ.