ಕೊನೇ ಮ್ಯಾಚ್ ಎಷ್ಟಕ್ಕೆ ಶುರು?

ಮಗ ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ನಮ್ಮ ಮನೆಯಲ್ಲಿ ದಿನಾ ರಾತ್ರಿ 10.30ಕ್ಕೆ ಮೊಬೈಲ್ ಗೇಮಿನ ಜಗಳ. ‘ಮೊಬೈಲ್ ಇಡು’ ಅಂತ ನಾನು, ‘ಇದೊಂದೇ ಮ್ಯಾಚ್ ಅಮ್ಮ’ ಅಂತ ಅವನು. ಮಲಗುವಾಗ 12 ದಾಟಿರುತ್ತಿತ್ತು. ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದೆ ಚಮಚ ಹಿಡಿದುಕೊಂಡೇ ನಿದ್ದೆ ಹೋಗಿದ್ದ. ಅದನ್ನು ನೋಡಿ ಹೊಟ್ಟೆ ಚುರುಕ್ ಅಂತು.

ವೈಫೈ ಆಫ್ ಮಾಡಿದೆ. ಸಿಮ್ ಡೇಟಾದಲ್ಲಿ ಆಡಿದ. ಇನ್ನೊಂದು ರಾತ್ರಿ ಆಟದ ಮಧ್ಯದಲ್ಲೇ ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟೆ. ಅವತ್ತು ಅವನು ಅತ್ತುಬಿಟ್ಟ. ‘ನನ್ನಿಂದ ಅವರು ಮೂರೂ ಜನ ಸೋತ್ರು’ ಅಂದ. ಯಾವ ಮೂವರು ಅಂತ ಕೂಡ ನನಗೆ ಗೊತ್ತಿರಲಿಲ್ಲ.

ಆ ಭಾನುವಾರ ಪಕ್ಕದಲ್ಲಿ ಕೂತು ಒಂದು ಮ್ಯಾಚ್ ಪೂರ್ತಿ ನೋಡಿದೆ. ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ, ಅದರ ಎರಾಂಗಲ್ ಅನ್ನುವ ಮ್ಯಾಪು. 100 ಜನ ವಿಮಾನದಿಂದ ಇಳಿಯುತ್ತಾರೆ, ಸುತ್ತ ಜೋನ್, ಅಂದರೆ ಸುರಕ್ಷಿತ ಜಾಗ, ಚಿಕ್ಕದಾಗುತ್ತಾ ಬರುತ್ತದೆ. ಕೊನೇವರೆಗೆ ಉಳಿದರೆ ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ಇವನ ಸ್ಕ್ವಾಡ್‌ನಲ್ಲಿ ನಾಲ್ವರು, ಎಲ್ಲ ಅದೇ ಕ್ಲಾಸಿನ ಹುಡುಗರು. ಒಬ್ಬ ‘ನಾಕ್’ ಆದರೆ, ಅಂದರೆ ಏಟು ತಿಂದು ಬಿದ್ದರೆ, ತೆವಳಿಕೊಂಡು ಕಾಯುತ್ತಾನೆ. ಇನ್ನೊಬ್ಬ ಹೋಗಿ ರಿವೈವ್ ಮಾಡಬೇಕು, ಅಂದರೆ ಎಬ್ಬಿಸಬೇಕು. ಇಂಥ ಹೊತ್ತಲ್ಲಿ ‘ಇಡು’ ಅಂದರೆ ಯಾವ ಹುಡುಗ ಇಡುತ್ತಾನೆ? ಕೊನೆಗೆ ಆರೇಳು ಜನ ಉಳಿದಾಗ ಅವನ ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಓಡಿ ಬಂದವನ ಹಾಗೆ ಹೊಡೆದುಕೊಳ್ಳುತ್ತಿತ್ತು. ಫೋನ್ ಇಟ್ಟ ಮೇಲೂ ತಾಸುಗಟ್ಟಲೆ ಯಾಕೆ ಹೊರಳಾಡುತ್ತಾನೆ ಅಂತ ಆಗ ಅರ್ಥವಾಯಿತು.

ಅಲ್ಲಿಂದ ನಿಲ್ಲಿಸುವ ಸಮಯದ ಮಾತು ಬಿಟ್ಟೆ. ಕೊನೇ ಮ್ಯಾಚ್ ಶುರುವಾಗುವ ಸಮಯ ಗೊತ್ತು ಮಾಡಿದೆವು: 8.45. ಅದು ಮುಗಿದ ಮೇಲೇ ಊಟ, ಆಮೇಲೆ ಅಪ್ಪನ ಜೊತೆ ಗೇಟಿನ ತನಕ ಒಂದು ಓಡಾಟ, 10.15ಕ್ಕೆ ಹಾಸಿಗೆ. ಇದಕ್ಕಿಂತ ಬೇಗ ಮಲಗಿಸಲು ಹೋಗಲಿಲ್ಲ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ದೇಹದಲ್ಲಿ ಏರುವುದೇ ತಡ, ಅದು ಸೋಮಾರಿತನ ಅಲ್ಲ. ಆದರೆ 13ರಿಂದ 18ರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾ ತಜ್ಞರು. 6.15ಕ್ಕೆ ಏಳುವ ಹುಡುಗನಿಗೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ನಡುವೆ ನಿಂತಿದ್ದ ಈ ಆಟ 2023ರಲ್ಲಿ ಮತ್ತೆ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂತು. ಎಷ್ಟು ಹೊತ್ತು ಅನ್ನುವುದಕ್ಕೆ ಅದು ಸರಿ. ಯಾವ ಹೊತ್ತು ಅನ್ನುವುದನ್ನು ಮನೆಯವರೇ ನೋಡಿಕೊಳ್ಳಬೇಕು.

ಒಬ್ಬನೇ ಹುಡುಗನ ಮೇಲೆ ಈ ನಿಯಮ ಹೇರಿದ್ದರೆ ನಡೆಯುತ್ತಿರಲಿಲ್ಲ. ಉಳಿದ ಮೂರು ಮನೆಗೂ ಫೋನ್ ಮಾಡಿದೆ. ಇಬ್ಬರು ಅಮ್ಮಂದಿರು ತಕ್ಷಣ ಒಪ್ಪಿದರು, ಅವರದೂ ಇದೇ ಗೋಳು. ಫೋನ್ ಚಾರ್ಜಿಗೆ ಜಾಗ ಅಡುಗೆಮನೆಯ ಮಿಕ್ಸಿ ಪಕ್ಕ ಅಂತಾಯಿತು. ‘ಅಲಾರಾಂಗೆ ಬೇಕಲ್ಲ’ ಅಂದ. ಟೇಬಲ್ ಗಡಿಯಾರ ತಂದುಕೊಟ್ಟೆ. ಶನಿವಾರ ರಾತ್ರಿ ಒಂದು ಗಂಟೆ ಸಡಿಲ, ಆದರೆ ಭಾನುವಾರ ಮಧ್ಯಾಹ್ನದವರೆಗೆ ಮಲಗಲು ಬಿಡಲಿಲ್ಲ. ಹಿಂದೆ ಹಾಗೆ ಬಿಟ್ಟ ವಾರಗಳಲ್ಲೆಲ್ಲ ಭಾನುವಾರ ರಾತ್ರಿ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಮೂರು ವಾರ ಹಿಡಿಯಿತು. ಈಗ ಅವನೇ ಮೈಕಿನಲ್ಲಿ ‘ಲಾಸ್ಟ್ ಮ್ಯಾಚ್ ಕಣ್ರೋ’ ಅನ್ನುವುದು ಅಡುಗೆಮನೆಗೆ ಕೇಳಿಸುತ್ತದೆ, ನಾನು ಚಪಾತಿ ಕಾವಲಿ ಒಲೆ ಮೇಲಿಡುತ್ತೇನೆ.

ನಾಲ್ಕನೇ ಹುಡುಗನ ತಂದೆ ಮಾತ್ರ ‘ಆಡ್ಲಿ ಬಿಡ್ರಿ, ವಯಸ್ಸು’ ಅಂದಿದ್ದರು. ಆ ಮಗು ಈಗ ಗುರುತಿಲ್ಲದವರ ಜೊತೆ ರಾತ್ರಿ ಒಂದರವರೆಗೆ ಆಡುತ್ತಾನಂತೆ. ಈ ಭಾನುವಾರ ಅವರ ಮನೆಗೆ ಹೋಗಿ ಬರಬೇಕು.